ಬರೆದ ಮೊಟ್ಟೆಯ ನಾಲ್ಕನೆಯ ಮಗ್ಗುಲು

ನಾನು ನಿಂತಿದ್ದದ್ದು ಹೊಸೂರಿನ ನಮ್ಮ ಬಡಾವಣೆಯಲ್ಲಿ ಮೂರು ರಸ್ತೆ ಕೂಡುವ ಕಡೆ, ಇಸ್ತ್ರಿ ಗಾಡಿಯ ಎಡಕ್ಕೆ, ಎರಡು ಹೆಜ್ಜೆ ಹಿಂದೆ. ಕಾರ್ತಿಕ ಮಾಸದ ಒಂದು ಮಂಗಳವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ಹೊತ್ತು ಅಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಇಸ್ತ್ರಿಯವರು ಆಗಷ್ಟೇ ಗಂಟೆ ಕೇಳಿದ್ದರು, ನಾನು ಗಡಿಯಾರ ನೋಡಿ ಹೇಳಿದ್ದೆ. ಬೀದಿದೀಪ ಹೊತ್ತಿತ್ತು, ಆದರೆ ಅದರ ಬೆಳಕು ಬೇಕಾಗುವಷ್ಟು ಕತ್ತಲೆ ಆಗಿರಲಿಲ್ಲ. ನಮ್ಮ ಕೆಳಗಿನ ಮನೆಯ ಅಜ್ಜಿ ಎದುರಿನಿಂದ ನಡೆದು ಬಂದರು. ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಅವರು ನನ್ನನ್ನು ದಾಟುವಾಗ ನಮ್ಮಿಬ್ಬರ ನಡುವೆ ಒಂದು ಮೊಳ ಜಾಗ ಇತ್ತು. ಸೆರಗು ಸ್ವಲ್ಪ ಜಾರಿತ್ತು. ಒಳಗೆ ಇದ್ದದ್ದು ಮೊಟ್ಟೆ. ಅದು ಯಾವ ಮೊಟ್ಟೆ ಎಂದು ನನಗೆ ಗೊತ್ತಾಯಿತು. ನಾನು ಬಾಯಿ ಬಿಡಲಿಲ್ಲ.

ಈ ಮಾತನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಕೊನೆಗೆ ಬರೆಯೋಣ ಎಂದು ಇಟ್ಟುಕೊಂಡರೆ ಬರೆಯದೆ ಬಿಟ್ಟೇನು ಎಂಬ ಅನುಮಾನ ನನಗೆ ನನ್ನ ಮೇಲೆಯೇ ಇದೆ.

ನಾನು ಗುಮ್ಮಳಾಪುರದವನು. ಹೊಸೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಸೇರಿ, ಕೊನೆಯ ಹನ್ನೊಂದು ವರ್ಷ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಅಳೆದು ನೋಡದೆ ಯಾವುದನ್ನೂ ಸರಿ ಎನ್ನದಿರುವುದು ನನ್ನ ಸಂಬಳದ ಕೆಲಸವಾಗಿತ್ತು. ನಾವಿರುವುದು ಮಹಡಿಯಲ್ಲಿ. ಕೆಳಗಿನ ಮನೆಗೆ ಬಂದವರು ಕೆಲಮಂಗಲದ ಕಡೆಯ ಒಬ್ಬ ಡಾಕ್ಟರು. ಅವರು ಉಕ್ರೇನಿಗೆ ವೈದ್ಯಕೀಯ ಓದಲು ಹೋದವರು, ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಕರೆದುಕೊಂಡು ಬಂದಿದ್ದರು. ಜೊತೆಗೆ ಡಾಕ್ಟರ ತಾಯಿ, ಅಂದರೆ ಆ ಅಜ್ಜಿ, ಮತ್ತು ಆಗ ನಾಲ್ಕು ವರ್ಷದ ಒಬ್ಬಳು ಮಗಳು. ಬೀದಿಯಲ್ಲಿ ಎಲ್ಲರೂ ಡಾಕ್ಟರ ಹೆಂಡತಿಯನ್ನು ಡಾಕ್ಟರಮ್ಮ ಎನ್ನುತ್ತಿದ್ದರು. ಆಕೆ ಓದಿದ್ದು ಲೆಕ್ಕ. ‘ನಾನು ಡಾಕ್ಟ್ರಲ್ಲ’ ಎಂದು ಮೊದಮೊದಲು ಹೇಳಿ ನೋಡಿದರು, ಆಮೇಲೆ ಬಿಟ್ಟರು.

ಆಕೆ ಕನ್ನಡ ಕಲಿತದ್ದು ಅತ್ತೆಯಿಂದ. ಹಾಗಾಗಿ ಆ ಬಿಳಿ ಬಾಯಿಂದ ಬರುತ್ತಿದ್ದದ್ದು ಕೆಲಮಂಗಲದ ಸಂತೆಯ ಕನ್ನಡ. ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು, ಒಂದು ಮುರಿದ ಕಡ್ಡಿಯನ್ನು ಅಂಗೈ ಮೇಲೆ ಇಟ್ಟು ತೋರಿಸಿದರು. ಪೆನ್ಸಿಲಿನಷ್ಟು ಮರದ ಹಿಡಿ, ಅದರ ತುದಿಗೆ ತಂತಿಯಲ್ಲಿ ಬಿಗಿದ ಹಿತ್ತಾಳೆಯ ಪುಟ್ಟ ಆಲಿಕೆ. ಆಲಿಕೆಯ ಬಾಯಿ ಚಪ್ಪಟೆಯಾಗಿತ್ತು.

‘ಮಗ ತುಳುದ್ಬುಟ್ಲು ಸಾರ್. ನೀವು ಮಿಷಿನ್ ಕೆಲ್ಸದೋರು ಅಂತ ಅತ್ತೆ ಹೇಳ್ತು. ಸರಿ ಆಯ್ತದಾ?’

ಏನಕ್ಕೆ ಎಂದು ಕೇಳಿದೆ. ಮೊಟ್ಟೆ ಬರೆಯಲಿಕ್ಕೆ ಎಂದರು. ಬಿಡಿಸುವುದಕ್ಕಾ ಎಂದೆ. ಅಲ್ಲ, ಬರೆಯುವುದಕ್ಕೆ, ಅವರಲ್ಲಿ ಹಾಗೇ ಅನ್ನುತ್ತಾರಂತೆ.

ನಾನು ತೆಳು ಹಿತ್ತಾಳೆ ತಗಡಿನಲ್ಲಿ ಮೂರು ಆಲಿಕೆ ಸುತ್ತಿ ಕೊಟ್ಟೆ. ಒಂದರ ತೂತು ಕೂದಲಿನಷ್ಟು, ಒಂದರದ್ದು ಅದರ ಎರಡರಷ್ಟು, ಇನ್ನೊಂದು ಸೂಜಿ ತೂರುವಷ್ಟು. ಕೆಲಸ ಆಗುತ್ತದೋ ಇಲ್ಲವೋ ನೋಡಲು ಕೆಳಗೆ ಹೋದವನು ಅಲ್ಲೇ ಕೂತೆ. ಮರುವಾರವೂ ಹೋದೆ. ಕಲಿತದ್ದು ಹೀಗೆ.

ಕಲಿಕೆ ನಿಧಾನ. ಬಿಳಿ ಮೊಟ್ಟೆಯನ್ನು ಎಡಗೈಯಲ್ಲಿ ಹಿಡಿಯಬೇಕು. ಆಲಿಕೆಯನ್ನು ಮೇಣದ ಬತ್ತಿಯ ಉರಿಯಲ್ಲಿ ಕಾಯಿಸಿ, ಜೇನುಮೇಣದಲ್ಲಿ ಗೀರಿ ತುಂಬಿಕೊಂಡು ಗೆರೆ ಎಳೆಯಬೇಕು. ಚಲಿಸಬೇಕಾದದ್ದು ಕೈಯಲ್ಲ, ಮೊಟ್ಟೆ. ಎಲ್ಲಿ ಮೇಣ ಕೂತಿತೋ ಅಲ್ಲಿ ಬಿಳಿ ಉಳಿಯುತ್ತದೆ. ಆಮೇಲೆ ಹಳದಿ ಬಣ್ಣದಲ್ಲಿ ಅದ್ದುವುದು. ಹಳದಿ ಉಳಿಯಬೇಕಾದಲ್ಲಿ ಮತ್ತೆ ಮೇಣ. ಆಮೇಲೆ ಕೆಂಪು, ಮತ್ತೆ ಮೇಣ. ಕೊನೆಗೆ ಕಪ್ಪು. ಆಗ ಮೊಟ್ಟೆ ಸುಟ್ಟ ಆಲೂಗಡ್ಡೆಯ ಹಾಗೆ ಕಾಣುತ್ತದೆ. ಉರಿಯ ಮೇಲಲ್ಲ, ಉರಿಯ ಪಕ್ಕದಲ್ಲಿ ಹಿಡಿದು ಮೇಣ ಕರಗಿಸಿ ಬಟ್ಟೆಯಿಂದ ಒರೆಸಿದರೆ ಒಳಗಿದ್ದ ಬಣ್ಣಗಳೆಲ್ಲ ಒಟ್ಟಿಗೆ ಕಾಣುತ್ತವೆ. ತಪ್ಪು ಗೆರೆಯನ್ನು ಅಳಿಸಲು ಬರುವುದಿಲ್ಲ. ಈರುಳ್ಳಿ ಸಿಪ್ಪೆಯಿಂದ, ಅರಿಶಿನದಿಂದ, ದಾಳಿಂಬೆ ಸಿಪ್ಪೆಗೆ ತುಕ್ಕು ಕಬ್ಬಿಣ ಹಾಕಿ ಕುದಿಸಿ ಬಣ್ಣ ಮಾಡಿಕೊಂಡೆವು. ಮೇಣ ಜವಳಗಿರಿ ಕಾಡಿನಿಂದ ಜೇನು ತರುವವರಿಂದ ಬರುತ್ತಿತ್ತು.

ನನ್ನ ಮೊದಲ ಮೊಟ್ಟೆಯ ಮೇಲೆ ಹೆಬ್ಬೆರಳಿನ ಗುರುತು ಬಿಳಿಯಾಗಿ ಉಳಿಯಿತು.

‘ಕೈ ಎಣ್ಣೆ ಐತೆ ನಿಮ್ದು. ಸೋಪ್ ಹಾಕಿ ತೊಳ್ಕಂಬನ್ನಿ’ ಎಂದರು ಆಕೆ. ‘ನಮ್ಮಮ್ಮ ಇದ್ದಿದ್ರೆ ಬೆರ್ಳಿನ್ ಮ್ಯಾಲೆ ಒಂದು ಕೊಡ್ತಿತ್ತು.’

ನನ್ನ ಹೆಂಡತಿ ಅಜ್ಜಿಯ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದವಳು, ‘ಕೊಡ್ಬೇಕಾಗಿತ್ತು ಕಣಮ್ಮ. ಮೂವತ್ತೊರ್ಷದಿಂದ ನಾನು ಬಾಯಲ್ಲೇ ಹೇಳ್ಕೊಂಡು ಬಂದಿದ್ದು ತಪ್ಪಾಯ್ತು’ ಎಂದಳು. ಅಜ್ಜಿ ನಕ್ಕು, ‘ಲೋಕ್ದಾಗೆ ಎಲ್ರೂ ಮೊಟ್ಟೆ ಒಡ್ದು ತಿಂತಾರೆ. ಇವ್ರಿಬ್ರು ಕುಂತ್ಕಂಡು ಅದುಕ್ಕೆ ಸೀರೆ ಉಡಿಸ್ತವ್ರೆ’ ಎಂದರು.

ಡಾಕ್ಟರಮ್ಮನ ಅಮ್ಮನ ಮಾತು ಬಂತಲ್ಲ, ಆ ಮೊಟ್ಟೆಯ ಸಂಗತಿ ಇಲ್ಲಿಂದ. ಡಾಕ್ಟರಮ್ಮನ ಮದುವೆಯ ವರ್ಷ ಅವರ ತಾಯಿ ಒಂದು ಮೊಟ್ಟೆ ಬರೆದು ಕೊಟ್ಟಿದ್ದರು. ಅದನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ವಿಮಾನದಲ್ಲಿ ತಂದಿದ್ದರು. ನಾವು ಬರೆದವೆಲ್ಲ ಅದರ ಮುಂದೆ ಮಕ್ಕಳ ಗೀಚು. ಗೆರೆಗಳು ಹೊಲಿಗೆಯಷ್ಟು ಸಣ್ಣ. ಆ ವಿನ್ಯಾಸ ತಾಯಿಗೆ ಅವರ ತಾಯಿಯಿಂದ ಬಂದದ್ದು, ಕಾಗದದ ಮೇಲೆ ಎಲ್ಲೂ ಇರಲಿಲ್ಲ. ಮಗಳಿಗೆ ಚಿಕ್ಕಂದಿನಲ್ಲಿ ಕಲಿಸಲು ಕೂರಿಸಿದರೆ, ಮಗಳು ಎದ್ದು ಹೋಗುತ್ತಿದ್ದಳಂತೆ. ‘ಆಮ್ಯಾಕೆ ಕಲುತ್ರಾಯ್ತು ಅಂದ್ಕಂಡೆ. ಅಮ್ಮ ಎಲ್ಲೋಯ್ತದೆ?’ ಎಂದು ಒಮ್ಮೆ ಹೇಳಿದರು.

ಆಗ ಯುದ್ಧ ಶುರುವಾಗಿ ಒಂದು ವರ್ಷ ಕಳೆದಿತ್ತು. ಅವರ ತಾಯಿ ಇದ್ದದ್ದು ನದಿ ದಂಡೆಯ ಒಂದು ಸಣ್ಣ ಊರಿನಲ್ಲಿ. ಮೊದಲ ಚಳಿಗಾಲವೆಲ್ಲ ಫೋನು ಬರುತ್ತಿತ್ತು. ವಸಂತದಲ್ಲಿ ನಿಂತಿತು. ಆ ಬೀದಿಯೇ ಇಲ್ಲ ಎಂದು ಒಬ್ಬರು ಹೇಳಿದರು, ಮುದುಕರನ್ನೆಲ್ಲ ಬಸ್ಸಿಗೆ ಹತ್ತಿಸಿದ್ದನ್ನು ಕಂಡೆವು ಎಂದು ಇನ್ನೊಬ್ಬರು. ಆ ಬಸ್ಸು ಮುಟ್ಟಿದ ಊರಿನ ಪಟ್ಟಿಯಲ್ಲಿ ತಾಯಿಯ ಹೆಸರಿರಲಿಲ್ಲ. ಡಾಕ್ಟರಮ್ಮ ದಿನಾ ಸಂಜೆ ಆ ನಂಬರಿಗೆ ಒಮ್ಮೆ ಕರೆ ಮಾಡಿ, ಅಲ್ಲಿಯ ಭಾಷೆಯಲ್ಲಿ ಯಂತ್ರ ಹೇಳುವುದನ್ನು ಪೂರ್ತಿ ಕೇಳಿ ಇಡುತ್ತಿದ್ದರು. ಆ ವಿನ್ಯಾಸವನ್ನು ಕಲಿಯಬೇಕೆಂದು ಆಕೆ ಹಟ ಹಿಡಿದದ್ದು ಆಮೇಲೆ. ಅಮ್ಮ ಬಂದರೆ ತೋರಿಸಬೇಕು. ಬಾರದಿದ್ದರೆ ಮಗಳಿಗೆ ಕೊಡಬೇಕು. ಆ ಮೊಟ್ಟೆ ಬಿಟ್ಟರೆ ಕಲಿಸುವವರು ಯಾರೂ ಇರಲಿಲ್ಲ.

ಇದರ ನಡುವೆ ಬೇಸಗೆಯಲ್ಲಿ ನಡೆದದ್ದೊಂದು ಇದೆ. ಅವರ ದೇಶದಲ್ಲಿ ಮೊಟ್ಟೆಯನ್ನು ಹಸಿಯಾಗಿಯೇ ಬರೆದು ಇಟ್ಟುಬಿಡುತ್ತಾರೆ. ತಂಪಿನಲ್ಲಿ ಒಳಗಿನದು ವರ್ಷಗಟ್ಟಲೆ ನಿಧಾನವಾಗಿ ಒಣಗಿ ಗೋಲಿಯಾಗುತ್ತದೆ. ಚೈತ್ರದ ಒಂದು ಮಧ್ಯಾಹ್ನ, ಫ್ರಿಜ್ಜಿನ ಮೇಲಿನ ಬುಟ್ಟಿಯಲ್ಲಿ ನನ್ನದೊಂದು ಮೊಟ್ಟೆ ಪಟಾಕಿಯ ಹಾಗೆ ಸಿಡಿಯಿತು. ಆ ವಾಸನೆ ಎರಡು ದಿನ ಮಹಡಿಯ ತನಕ ಇತ್ತು. ‘ಹೆಣ ಬಿದ್ದಂಗೈತಲ್ಲಮ್ಮಾ ಮನೇಲಿ’ ಎಂದು ಅಜ್ಜಿ ಮೂಗು ಮುಚ್ಚಿಕೊಂಡು ಅಂಗಳದಲ್ಲೇ ಉಂಡರು.

ಪರಿಹಾರ ಹೇಳಿದವನು ನಾನು. ಎರಡು ತುದಿಗೂ ಸಣ್ಣ ತೂತು ಕೊರೆದು ಒಳಗಿನದನ್ನು ಊದಿ ತೆಗೆಯುವುದು. ಆ ಅಳತೆಗೆ ಒಂದು ಕೈಬೈರಿಗೆ ಮಾಡಿದೆ, ಡಾಕ್ಟರ ಬಳಿಯಿಂದ ಒಂದು ಸಿರಿಂಜು ತೆಗೆದುಕೊಂಡು ಅದಕ್ಕೆ ನಳಿಕೆ ಕೂರಿಸಿದೆ. ಬುಟ್ಟಿಯಲ್ಲಿದ್ದವನ್ನೆಲ್ಲ ಒಂದೇ ದಿನ ಬರಿದು ಮಾಡಿದೆವು. ಆಮೇಲಿನಿಂದ ಮನೆಗೆ ಬಂದ ಮೊಟ್ಟೆಯೆಲ್ಲ ನೇರ ನನ್ನ ಬೈರಿಗೆಗೆ ಬರುತ್ತಿತ್ತು. ಒಳಗಿನದು ಬಾಣಲೆಗೆ, ಚಿಪ್ಪು ಬುಟ್ಟಿಗೆ. ತಾಯಿಯ ಮೊಟ್ಟೆಯನ್ನು ಮಾತ್ರ ಮುಟ್ಟಲಿಲ್ಲ. ಅದು ಒಳಗೆ ಒಣಗಿ ಗಟ್ಟಿಯಾಗಿತ್ತು, ಅಲ್ಲಾಡಿಸಿದರೆ ಟಕಟಕ ಎನ್ನುತ್ತಿತ್ತು. ನನ್ನ ಕೆಲಸ ಎಲ್ಲರಿಗೂ ಮೆಚ್ಚುಗೆಯಾಯಿತು. ನನಗೂ.

ವಿನ್ಯಾಸವನ್ನು ನಕಲು ಮಾಡುವ ಭಾರವನ್ನೂ ಆಕೆ ನನಗೆ ಕೊಟ್ಟರು. ಮೊಟ್ಟೆಯ ಮೇಲೆ ಉದ್ದಕ್ಕೆ ನಾಲ್ಕು ಗೆರೆ, ಹಾಗಾಗಿ ನಾಲ್ಕು ಮಗ್ಗುಲು, ಒಂದರಂತೆ ಒಂದಿರಲಿಲ್ಲ. ಆಕೆ ಫೋನು ತೆಗೆದು ಫೋಟೋ ಹೊಡೆಯಲು ಹೋದಾಗ ಬೇಡ ಎಂದವನು ನಾನೇ. ‘ಫೋಟೋದಲ್ಲಿ ಗುಂಡು ಮೈ ಅಂಚಿಗೆ ಹೋದ ಹಾಗೆ ಗೆರೆ ಕಿರಿದಾಗುತ್ತೆ, ಅಳತೆ ಸುಳ್ಳಾಗುತ್ತೆ. ನಾನು ಕ್ಯಾಲಿಪರ್‌ನಲ್ಲಿ ಅಳೆದು ಗ್ರಾಫ್ ಹಾಳೆಗೆ ಎತ್ತಿ ಕೊಡ್ತೀನಿ’ ಎಂದೆ. ಇದರಲ್ಲಿ ತಪ್ಪಿರಲಿಲ್ಲ, ಅಳತೆ ನಿಜಕ್ಕೂ ಸುಳ್ಳಾಗುತ್ತದೆ. ಆಕೆ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟರು.

ಭಾನುವಾರಕ್ಕೆ ಒಂದು ಮಗ್ಗುಲು. ಮೂರು ಭಾನುವಾರದಲ್ಲಿ ಮೂರು ಮುಗಿದವು. ಮೂರನೆಯದು ಮುಗಿದಾಗ ಇನ್ನೂ ಬೆಳಕಿತ್ತು, ನಾಲ್ಕನೆಯದನ್ನು ಶುರು ಮಾಡಬಹುದಿತ್ತು. ಕಣ್ಣು ದಣಿದಿದೆ, ದಣಿದ ಕಣ್ಣು ತಪ್ಪು ಓದುತ್ತದೆ ಎಂದು ನಾನು ಎದ್ದೆ.

ಅದಾದ ಎರಡನೆಯ ದಿನ ಆ ಮಂಗಳವಾರ.

ಮಗುವಿಗೆ ಮೂರು ದಿನದಿಂದ ಜ್ವರ. ಡಾಕ್ಟರು ಆಸ್ಪತ್ರೆಯಲ್ಲಿ ಕೆಲಸದ ಮೇಲಿದ್ದರು, ಡಾಕ್ಟರಮ್ಮ ರಕ್ತಪರೀಕ್ಷೆಯ ವರದಿ ತರಲು ಮುಖ್ಯರಸ್ತೆಗೆ ಹೋಗಿದ್ದರು. ಅಜ್ಜಿ ಒಬ್ಬರೇ ಮಗುವಿನ ಬಳಿ. ಮಗು ಕಣ್ಣು ಮೇಲೆ ಮಾಡಿ ಏನೇನೋ ಮಾತಾಡಿತಂತೆ. ಅಜ್ಜಿಗೆ ಗೊತ್ತಿದ್ದ ಮದ್ದು ಒಂದು: ಮೊಟ್ಟೆಯಲ್ಲಿ ದೃಷ್ಟಿ ತೆಗೆದು ಮೂರು ದಾರಿ ಕೂಡುವಲ್ಲಿ ಒಡೆಯುವುದು. ಪಕ್ಕದ ಮನೆಯ ಹುಡುಗಿಯನ್ನು ಅಂಗಡಿಗೆ ಕಳಿಸಿದರೆ ಮೊಟ್ಟೆ ಮುಗಿದಿದೆ ಎಂದು ಬಂದಳು. ಮನೆಯಲ್ಲಿ ಇದ್ದವು ಬರೆದ ಮೊಟ್ಟೆಗಳು ಮಾತ್ರ. ಟೊಳ್ಳು ಮೊಟ್ಟೆ ದೃಷ್ಟಿಗೆ ಆಗುವುದಿಲ್ಲ. ಒಳಗೆ ಏನಾದರೂ ಇದ್ದರೆ ತಾನೇ ಅದು ಕೆಟ್ಟದ್ದನ್ನು ಹೀರಿಕೊಳ್ಳುವುದು. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಬುಟ್ಟಿಯಲ್ಲಿದ್ದವನ್ನೂ ಗಾಜಿನ ಬೀರುವಿನಲ್ಲಿದ್ದವನ್ನೂ ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು.

ಇದೆಲ್ಲ ನಾನು ಕಂಡದ್ದಲ್ಲ, ಆಮೇಲೆ ಅಜ್ಜಿ ಹೇಳಿದ್ದು. ನಾನು ಕಂಡದ್ದು ಇಲ್ಲಿಂದ.

ದೃಷ್ಟಿ ತೆಗೆದುಕೊಂಡು ಹೋಗುವವರನ್ನು ಮಾತಾಡಿಸಬಾರದು. ಮಾತಾಡಿಸಿದರೆ ತೆಗೆದದ್ದು ಮನೆಗೆ ವಾಪಸು ಹೋಗುತ್ತದೆ, ಇಲ್ಲವೆ ಮಾತಾಡಿಸಿದವರ ಮನೆಗೆ ಬರುತ್ತದೆ. ಇದನ್ನು ನಾನು ನಂಬುತ್ತೇನೆಯೇ? ಗುಮ್ಮಳಾಪುರದಲ್ಲಿ ನನ್ನ ತಾಯಿ ಹಾಗೆ ಹೋಗುವಾಗ ನಾವು ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದೆವು. ಅಂದು ನನ್ನ ಕೈ ಮೇಲೆ ಏಳಲಿಲ್ಲ, ಆದರೆ ಬಾಯಿ ಮುಚ್ಚಿಯೇ ಇತ್ತು. ಅಜ್ಜಿ ನನ್ನನ್ನು ದಾಟಿದ ಮೇಲೆ ಕೂಡು ರಸ್ತೆಯ ನಡುವಿಗೆ ಒಂಬತ್ತು ಹೆಜ್ಜೆ ಇತ್ತು. ಆಮೇಲೆ ನಡೆದು ಎಣಿಸಿದ್ದೇನೆ. ಒಂಬತ್ತು ಹೆಜ್ಜೆಯಲ್ಲಿ ಒಂದು ಮಾತು ಆಡಬಹುದು. ‘ಅಜ್ಜೀ’ ಎಂದಿದ್ದರೆ ಸಾಕಿತ್ತು. ಮಗುವಿಗೆ ಜ್ವರ ಎಂದು ಗೊತ್ತಿತ್ತು. ಮೊಟ್ಟೆ ಯಾವುದೆಂದೂ ಗೊತ್ತಿತ್ತು. ಎರಡನ್ನೂ ತೂಗುತ್ತಿದ್ದೆ ಎಂದು ಹೇಳಿಕೊಳ್ಳಬಹುದು. ಆದರೆ ತೂಗಿದ ನೆನಪು ನನಗಿಲ್ಲ. ಸುಮ್ಮನೆ ನಿಂತಿದ್ದ ನೆನಪು ಇದೆ.

ಅಜ್ಜಿ ಕೈಯೆತ್ತಿ ನೆಲಕ್ಕೆ ಬಡಿದರು. ಹಸಿ ಮೊಟ್ಟೆಯ ಸದ್ದಲ್ಲ, ಒಣ ಕಡಲೆಕಾಯಿ ಮುರಿದ ಸದ್ದು. ತಿರುಗಿ ನೋಡದೆ ಬೇರೆ ದಾರಿಯಿಂದ ಮನೆಗೆ ಹೋದರು. ಗೋಲಿಯಷ್ಟು ಕಂದು ಉಂಡೆಯೊಂದು ಉರುಳಿ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಒಂದು ಸಾಮಾನಿನ ಟೆಂಪೊ ಬಂತು, ಅದರ ಹಿಂದಿನ ಎಡ ಚಕ್ರ ಚಿಪ್ಪಿನ ಮೇಲೆ ಹಾದುಹೋಯಿತು.

ಟೆಂಪೊ ಸರಿದ ಮೇಲೆ ಆ ಕಡೆ ಡಾಕ್ಟರಮ್ಮ ನಿಂತಿದ್ದರು, ಕೈಯಲ್ಲಿ ವರದಿಯ ಲಕೋಟೆ. ಆಕೆಗೆ ಏನೂ ಹೇಳಬೇಕಾಗಲಿಲ್ಲ. ಕೆಂಪು ಚೂರೊಂದು ಆಕೆಯ ಚಪ್ಪಲಿಯ ಹತ್ತಿರವೇ ಇತ್ತು. ಮೊಣಕಾಲೂರಿ ಕೂತು ಎತ್ತಲು ಶುರು ಮಾಡಿದರು.

‘ಅಮ್ಮಾ, ತೊಡಾದೀಂಗ! ಮುಟ್ಬೇಡಿಮ್ಮಾ, ದೃಷ್ಟಿದು ಅದು!’ ಎಂದು ಇಸ್ತ್ರಿಯವರು ಪೆಟ್ಟಿಗೆ ಕೈಬಿಟ್ಟು ಕೂಗಿದರು. ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ತೆಲುಗಿನ ಹೆಂಗಸು ಎದ್ದು ಹಿಂದೆ ಸರಿದಳು. ಡಾಕ್ಟರಮ್ಮ ಯಾರ ಮಾತೂ ಕೇಳಲಿಲ್ಲ. ಒಂದು ಬೈಕು ಹಾರ್ನ್ ಹೊಡೆದು ಸುತ್ತಿಕೊಂಡು ಹೋಯಿತು. ಆಗ ನಾನು ಹೋಗಿ ಪಕ್ಕದಲ್ಲಿ ಕೂತೆ. ಒಡೆದ ಮೇಲೆ ನನ್ನ ಕಾಲು ಬಂತು.

ಲಕೋಟೆಯೊಳಗೆ ಚೂರು ಹಾಕಿದೆವು. ಗುರುತು ಹಿಡಿಯುವಂಥವು ಮೂವತ್ತೊಂದು. ಉಳಿದದ್ದು ಪುಡಿ. ‘ನಾಕ್ನೇದು ಹುಡುಕಿ ಸಾರ್. ನಾಕ್ನೇ ಕಡೇದು’ ಎಂದು ಒಂದೇ ಸಲ ಹೇಳಿದರು. ನಾನು ಆಗಲೇ ಅದನ್ನೇ ಹುಡುಕುತ್ತಿದ್ದೆ. ಆ ಮಗ್ಗುಲಿನದು ಸಿಕ್ಕಿದ್ದು ಕಿರುಬೆರಳ ಉಗುರಿನಷ್ಟು ಒಂದು ಚೂರು. ಅದರ ಮೇಲೆ ಒಂದು ಕೆಂಪು ಗೆರೆ, ಅದಕ್ಕೆ ತಗುಲಿ ಮೂರು ಸಣ್ಣ ಹಲ್ಲು.

ಮನೆಯೊಳಗೆ ಅಜ್ಜಿ ಕೈಕಾಲು ತೊಳೆದು ಮಗುವಿನ ಹಣೆಗೆ ಬೂದಿ ಇಡುತ್ತಿದ್ದರು. ಲಕೋಟೆ ನೋಡಿದರು, ಸೊಸೆಯ ಮುಖ ನೋಡಿದರು.

‘ಯಾವ್ದಮ್ಮ ಅದು?’

‘ನಮ್ಮಮ್ಮಂದು.’

ಅಜ್ಜಿ ಗೋಡೆ ಹಿಡಿದು ಕೂತರು. ‘ಎಲ್ಲಾ ಟೊಳ್ಳಿದ್ವು ಕಣಮ್ಮಯ್ಯ. ಅದೊಂದ್ರಾಗೆ ಮಾತ್ರ ಏನೋ ಇತ್ತು. ಅದುಕ್ಕೆ ತಕ್ಕಂಡೆ. ಕಾಣ್ಲಿಲ್ಲ ಕಣೇ ನನ್ಗೆ. ಅಯ್ಯೋ, ಅಮ್ಮಂದು ಅಂತ ಕಾಣ್ಲಿಲ್ಲ.’

ಬೈಗುಳ ಬರಬಹುದು ಎಂದು ನಾನು ಬಾಗಿಲಲ್ಲಿ ನಿಂತಿದ್ದೆ. ಬರಲಿಲ್ಲ. ಡಾಕ್ಟರಮ್ಮ ಮಗುವಿನ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿ, ‘ನಮ್ಮೂರ್ನಾಗೂ ಇಂಗೇ ಮಾಡ್ತಾರೆ. ಮಗ ಹೆದ್ರುಕೊಂಡ್ರೆ ಹೊಟ್ಟೆ ಮ್ಯಾಲೆ ಮೊಟ್ಟೆ ಉಳ್ಳುಸ್ತಾರೆ. ನಮ್ಮಜ್ಜಿ ನನ್ಗೆ ಮಾಡ್ತಿತ್ತು’ ಎಂದರು. ಸಮಾಧಾನಕ್ಕೆ ಹೇಳಿದ ಹಾಗಿರಲಿಲ್ಲ.

ಜ್ವರ ಗುರುವಾರ ಇಳಿಯಿತು. ವರದಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮೊಟ್ಟೆಯಿಂದಲೇ ಇಳಿಯಿತು ಎಂದು ಅಜ್ಜಿ ನಂಬಿದರು. ಆ ನಂಬಿಕೆ ಅವರಿಗೆ ಸುಖ ಕೊಡಲಿಲ್ಲ. ಬೀಗಿತ್ತಿಯ ಹೆಸರು ಹೇಳಿ, ‘ಆಯಮ್ಮ ಅಲ್ಲಿಂದ್ಲೇ ಕಾಪಾಡ್ತು’ ಎಂದು ಅತ್ತರು. ಆಗ ಡಾಕ್ಟರಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಕಾಪಾಡಿತು ಎಂದರೆ, ಬೀಗಿತ್ತಿ ಸತ್ತಿದ್ದಾರೆ ಎಂದು ಅಜ್ಜಿ ತೀರ್ಮಾನಿಸಿದಂತಾಯಿತು. ಹಾಗೆ ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಫೋನಿನಲ್ಲಿ ಹಳೆಯ ಫೋಟೋಗಳನ್ನೆಲ್ಲ ಹುಡುಕಿದೆವು. ಹುಟ್ಟುಹಬ್ಬದ ಫೋಟೋಗಳಲ್ಲಿ ಹಿಂದೆ ಗಾಜಿನ ಬೀರು ಇತ್ತು, ಮೊಟ್ಟೆಯೂ ಇತ್ತು. ಅದನ್ನು ಯಾವಾಗಲೂ ಒಂದೇ ಕಡೆ ಮುಖ ಮಾಡಿ ಇಡುತ್ತಿದ್ದರು. ನಾಲ್ಕನೆಯ ಮಗ್ಗುಲು ಗೋಡೆಯ ಕಡೆಗಿತ್ತು. ‘ದಿನಾ ನೋಡ್ತಿದ್ದೆ. ಅದುಕ್ಕೇ ನೋಡ್ಲೇ ಇಲ್ಲ’ ಎಂದರು ಆಕೆ.

ಆಮೇಲೆ ಅತ್ತೆಯನ್ನು ಕೇಳಲು ಶುರು ಮಾಡಿದರು. ಕೈಯಲ್ಲಿ ಹಿಡಿದವರು ಅವರೇ ತಾನೆ. ಅಜ್ಜಿ ಒಂದು ದಿನ ಏಣಿ ಇತ್ತು ಎಂದರು, ಇನ್ನೊಂದು ದಿನ ಕೋಳಿ ಕಾಲು, ಮತ್ತೊಂದು ದಿನ ರಾಗಿ ತೆನೆ. ಸುಳ್ಳು ಹೇಳುತ್ತಿರಲಿಲ್ಲ, ಸೊಸೆಗೆ ಏನಾದರೂ ಒಂದು ಕೊಡಬೇಕು ಎಂದು ಪೊರೆಗಣ್ಣಿನ ನೆನಪನ್ನು ಹಿಂಡುತ್ತಿದ್ದರು.

ಕೊನೆಗೆ ಆಕೆ ಮಹಡಿ ಹತ್ತಿ ಬಂದರು. ನನ್ನ ಮೂರು ಗ್ರಾಫ್ ಹಾಳೆಗಳನ್ನೂ ಒಂದು ಖಾಲಿ ಹಾಳೆಯನ್ನೂ ಮೇಜಿನ ಮೇಲೆ ಇಟ್ಟರು.

‘ಸಾರ್, ನಿಮ್ಮ ಪಕ್ಕದಾಗೇ ಹೋಯ್ತಲ್ಲ ಅತ್ತೆ. ನೀವು ಕಂಡ್ರಿ ತಾನೇ? ಯಾವ ಕಡೆ ಮ್ಯಾಲೆ ಇತ್ತು?’

ನಾಲ್ಕನೆಯ ಕಡೆಯೇ ಮೇಲೆ ಇತ್ತು. ಅದನ್ನು ನಾನು ಹೇಳಿದೆ. ಅಂದರೆ, ಕಂಡೂ ಸುಮ್ಮನಿದ್ದೆ ಎಂದು ಆಕೆಗೆ ತಿಳಿದದ್ದು ಆಗಲೇ. ಆಕೆ ಅದನ್ನು ಕೇಳಿಸಿಕೊಂಡು ಪೆನ್ಸಿಲನ್ನು ನನ್ನ ಕಡೆ ತಳ್ಳಿದರು.

‘ಬರೀರಿ.’

ಕೆಂಪು ಇತ್ತು. ಬಾಚಣಿಗೆಯ ಹಾಗೆ ಹಲ್ಲುಗಳಿದ್ದವು, ಚೂರಿನ ಮೇಲಿದ್ದ ಮೂರೂ ಅದರವೇ. ಎಷ್ಟು ಹಲ್ಲು, ಮೇಲಕ್ಕೋ ಕೆಳಕ್ಕೋ, ನಡುವೆ ಬೇರೇನಿತ್ತು, ನನಗೆ ಗೊತ್ತಿಲ್ಲ. ಕೂತು ಒಂದು ಚಂದದ ಮಗ್ಗುಲನ್ನು ನಾನೇ ಕಟ್ಟಬಹುದಿತ್ತು. ಉಳಿದ ಮೂರಕ್ಕೆ ಹೊಂದುವ ಹಾಗೆ ಕಟ್ಟುವಷ್ಟು ಕೈ ನನಗೆ ಬಂದಿತ್ತು, ಆಕೆ ನಂಬುತ್ತಲೂ ಇದ್ದರು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಏನೋ ಒಂದು ಬರೆದುಕೊಡಿ ಎಂದು ಕಣ್ಣಲ್ಲೇ ಹೇಳಿದಳು. ನಾನು ಒಂದು ಗೆರೆ, ಮೂರು ಹಲ್ಲು ಬರೆದು ಪೆನ್ಸಿಲು ಕೆಳಗಿಟ್ಟೆ.

‘ಇಷ್ಟೇ ಕಂಡದ್ದು’ ಎಂದೆ.

ಆಕೆ ಹಾಳೆ ತೆಗೆದುಕೊಂಡು ಹೋದರು. ಸರಿ ಮಾಡಿದೆನೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಬಾಯಿ ಬಿಡಬೇಕಾದಾಗ ಬಿಡದವನು, ಆಮೇಲೆ ಖಚಿತವಾಗಿರುವುದರಿಂದ ಯಾರಿಗೆ ಏನು ಬಂತು?

ಮುಂದಿನ ವಸಂತದಲ್ಲಿ ಆಕೆ ಒಂದು ಮೊಟ್ಟೆ ಬರೆದರು. ಮೂರು ಮಗ್ಗುಲು ತಾಯಿಯವು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ನಾನು ಅಳೆದು ನೋಡಿದೆ. ನಾಲ್ಕನೆಯದನ್ನು ಮೊದಲ ಬಣ್ಣಕ್ಕೆ ಮುಂಚೆಯೇ ಪೂರ್ತಿ ಮೇಣದಲ್ಲಿ ಮುಚ್ಚಿಬಿಟ್ಟಿದ್ದರು. ಅದು ಬಿಳಿಯಾಗಿ ಉಳಿದಿದೆ. ಪಟ್ಟಿಗಳಲ್ಲಿ ತಾಯಿಯ ಹೆಸರು ಇದುವರೆಗೆ ಬಂದಿಲ್ಲ, ಬದುಕಿದವರ ಪಟ್ಟಿಯಲ್ಲೂ ಇಲ್ಲ, ಸತ್ತವರದರಲ್ಲೂ ಇಲ್ಲ.

ಆ ಮಂಗಳವಾರ ಸಂಜೆ ಕೂಡು ರಸ್ತೆಯಲ್ಲಿ ನಡೆದದ್ದನ್ನು ಕಂಡವರು ನನ್ನನ್ನು ಬಿಟ್ಟು ನಾಲ್ವರು. ಹೂವಿನ ಹೆಂಗಸು ಹೋದ ವರ್ಷ ತೀರಿಕೊಂಡಳು. ಇಸ್ತ್ರಿಯವರು ಇದ್ದಾರೆ, ಅದೇ ಮೂಲೆಯಲ್ಲಿ. ಕೇಳಿದರೆ ತಾವು ಕಂಡದ್ದನ್ನು ಹೇಳುತ್ತಾರೆ. ಅಜ್ಜಿ ಇದ್ದಾರೆ, ಕಣ್ಣಿನ ಪೊರೆ ತೆಗೆಸಿದ್ದಾರೆ. ಡಾಕ್ಟರಮ್ಮ ಇದ್ದಾರೆ.